ಕೊನೆಯ ಹದಿನಾರು ಪುಟ

ದೊಡ್ಡ ಹೊದಿಕೆ ಹಿಂಡುವುದಕ್ಕೆ ಇಬ್ಬರು ಬೇಕು. ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಹೊದಿಕೆ ಹಗ್ಗದ ಹಾಗೆ ಬಿಗಿದು ನೀರು ಧಾರೆಯಾಗಿ ಇಳಿಯುತ್ತಿರುವಾಗ ಅವಳು ತನ್ನ ತುದಿಯನ್ನು ಬಿಟ್ಟುಬಿಟ್ಟಳು. ಅದು ಗಿರ್ರನೆ ಬಿಚ್ಚಿಕೊಂಡು ನನ್ನ ಮುಖಕ್ಕೂ ಗೋಡೆಗೂ ಆಗಲೇ ಒಣಗಿದ್ದ ಎರಡು ಅಂಗಿಗಳಿಗೂ ನೀರು ಎರಚಿತು.

"ಅಮ್ಮಾ, ನಾನು ತೀರ್ಮಾನ ಮಾಡಿದೆ," ಅಂದಳು.

"ತೀರ್ಮಾನ ಆಮೇಲೆ. ಮೊದಲು ತುದಿ ಹಿಡಿ."

"ಗುರುವಾರ ಸ್ಕೂಲಲ್ಲಿ ಓದುಗರ ಕೂಟ ಇದೆ. ನಾನು ಮಾತಾಡ್ತೀನಿ. ಸಿನಿಮಾದವರು ನಮ್ಮ ಪುಸ್ತಕಕ್ಕೆ ಮಾಡಿದ ಅನ್ಯಾಯ, ಅದೇ ವಿಷಯ. ಪುಸ್ತಕಾನೂ ತಗೊಂಡು ಹೋಗಿ ಕೊನೇ ಪುಟಗಳನ್ನ ಎಲ್ಲರ ಎದುರಿಗೆ ಓದ್ತೀನಿ. ಸಾಕ್ಷಿ ಸಮೇತ."

ನಾನು ಮುಖ ಒರೆಸಿಕೊಂಡೆ. ಅವಳು ತುದಿ ಹಿಡಿದು ಕಾಯುತ್ತಿದ್ದಳು. ಈ ಸಲ ಕೈ ಜಾರಿದ್ದು ನನ್ನದು.

ಅವಳಿಗೆ ಹನ್ನೊಂದು ವರ್ಷ. ಮಾತಿಗೆ ಮಾತು ಸೇರಿಸಿ ಎದುರಿನವರನ್ನು ಮೂಲೆಗೆ ತಳ್ಳುತ್ತಾಳೆಂದು ಅವಳ ಅಜ್ಜಿ, ಅಂದರೆ ನನ್ನ ಅತ್ತೆ, ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಾರೆ. ಲಾಯರಮ್ಮ ಸಾಕ್ಷಿ ಅಂತ ತೋರಿಸಲು ಹೊರಟಿದ್ದ ಪುಸ್ತಕದ ಕೊನೆಯ ಹದಿನಾರು ಪುಟಗಳಲ್ಲಿ ಹನ್ನೆರಡನ್ನು ಬರೆದದ್ದು ಆ ಕಾದಂಬರಿಕಾರರಲ್ಲ. ಬರೆದವಳು ನಾನು. ಅಕ್ಷರ ಜೋಡಿಸಿ ಅಚ್ಚು ಮಾಡಿದವರು ಅವಳ ಅಪ್ಪ. ಕರಡು ತಿದ್ದಿದವರು ಅವಳ ಅಜ್ಜಿ. ಅದು ಅವಳಿಗೆ ಗೊತ್ತಿರಲಿಲ್ಲ. ಗುರುವಾರ ಇನ್ನೂರು ಮಕ್ಕಳ ಎದುರಿಗೆ ಅವಳು ಆ ಪುಟಗಳನ್ನು ಓದಿದರೆ, ಅಸಲಿ ಪುಸ್ತಕ ಕೈಯಲ್ಲಿರುವ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ. ಆಗ ನನ್ನ ಮಗಳು ಸುಳ್ಳಿಯಾಗುತ್ತಾಳೆ, ಅದೂ ನಮ್ಮಿಂದ.

ನಾನು ಪುಸ್ತಕ ಕಟ್ಟುವವಳು. ಊರಿನ ಗ್ರಂಥಾಲಯದ ಹಿಂಭಾಗದ ಕೋಣೆಯಲ್ಲಿ ಹದಿನೈದು ವರ್ಷದಿಂದ ಹರಿದ ಪುಸ್ತಕಗಳಿಗೆ ಬೆನ್ನು ಕೊಡುತ್ತಿದ್ದೇನೆ. ನಮ್ಮ ಕಸುಬಿನವರಿಗೆ ಒಂದು ದೋಷವಿದೆ. ಸಾವಿರ ಪುಸ್ತಕ ಮುಟ್ಟಿರುತ್ತೇವೆ, ಯಾವುದರ ಹೊಲಿಗೆ ಎಲ್ಲಿ ಬಿಟ್ಟಿದೆಯೆಂದು ಕಣ್ಣು ಮುಚ್ಚಿ ಹೇಳುತ್ತೇವೆ, ಕಥೆ ಏನಾಯಿತೆಂದು ಕೇಳಿದರೆ ಬೆಪ್ಪಾಗುತ್ತೇವೆ. ಐದು ವರ್ಷದ ಹಿಂದೆ ನಾನು ಮಾಡಿದ ತಪ್ಪು ಅದೇ ದೋಷದಿಂದ ಬಂದದ್ದು.

ಆಗ ಅವಳಿಗೆ ಆರೂವರೆ ವರ್ಷ. ಹೃದಯದಲ್ಲಿ ತೂತು. ಶಸ್ತ್ರಚಿಕಿತ್ಸೆ ಮಾಡೋಣವೆಂದರೆ ಎದೆಯಲ್ಲಿ ಕಫ ಕಟ್ಟಿ ಜ್ವರ. ಜ್ವರ ಇಳಿಯಲೆಂದು ಕಾಯುತ್ತ ಎಂಟು ವಾರ ಆಸ್ಪತ್ರೆಯಲ್ಲಿದ್ದೆವು. ಏಳನೇ ನಂಬರಿನ ಮಂಚ, ಕಿಟಕಿಯ ಪಕ್ಕ, ಮೂಗಿಗೆ ನಳಿಗೆ. ನಾನು ದುರಸ್ತಿ ಮಾಡಬೇಕಾದ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಅಲ್ಲೇ ಹೊಲಿಯುತ್ತ ಕೂರುತ್ತಿದ್ದೆ. ಒಂದು ಸಲ ಅವಳೇ ಚೀಲದಿಂದ ಒಂದನ್ನು ಎತ್ತಿಕೊಂಡಳು. 'ಉಸಿರುಗಳ್ಳ' ಎಂಬ ಹಳೆಯ ಕಾದಂಬರಿ. ಗ್ರಂಥಾಲಯ ಲೆಕ್ಕದಿಂದ ತೆಗೆದುಹಾಕಿದ್ದು, ಅದನ್ನು ನಾನೇ ಇಟ್ಟುಕೊಳ್ಳಬಹುದಿತ್ತು.

ಗಾಳಿಯೇ ಇಲ್ಲದ ಒಂದು ಗ್ರಹ. ಅಲ್ಲಿ ಗಾಜಿನ ಗುಮ್ಮಟದ ಕೆಳಗೆ ಒಂದು ಊರು. ಊರಿನವರೆಲ್ಲ ಉಸಿರಾಡುವ ಗಾಳಿ ದೊಡ್ಡ ತೊಟ್ಟಿಗಳಲ್ಲಿರುತ್ತದೆ, ಕೊಳವೆಗಳಲ್ಲಿ ಮನೆಮನೆಗೆ ಬರುತ್ತದೆ. ಯಾವುದೋ ಒಂದು ಜೀವಿ ತೊಟ್ಟಿಯೊಳಗೆ ಸೇರಿಕೊಂಡು ಆ ಗಾಳಿಯನ್ನು ಕುಡಿಯುತ್ತಿದೆ. ಏಳು ವರ್ಷದ ಮಿಣುಕಿ ಎಂಬ ಹುಡುಗಿ ಸದಾ ಮೂಗಿಗೆ ನಳಿಗೆ ಹಾಕಿಕೊಂಡೇ ಓಡಾಡುತ್ತಾಳೆ. ನಳಿಗೆಯ ಮಾತು ಬಂದದ್ದೇ ನನ್ನ ಮಗಳು ತಲೆದಿಂಬಿನಿಂದ ಎದ್ದು ಕೂತಳು. ಆಮೇಲೆ ಬೇರೆ ಪುಸ್ತಕ ಬೇಡವೇ ಬೇಡ.

"ಇಂಥ ಭಯದ ಕಥೆ ಓದಿ ಹೇಳ್ತೀರಲ್ಲ," ಅಂತ ನರ್ಸಮ್ಮ ಒಂದು ದಿನ ಬೈದರು. ಮರುದಿನ ಅವರೇ ಔಷಧಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು, "ಆ ಕೊಳವೆಯೊಳಗೆ ಇದ್ದದ್ದು ಯಾರು ಅಂತ ಗೊತ್ತಾಯ್ತಾ?" ಅಂದರು.

ನಾನು ದಿನಕ್ಕೆ ಹತ್ತು ಪುಟ ಓದುತ್ತಿದ್ದೆ. ಅವಳು ಸಾಲಿನ ಕೆಳಗೆ ಬೆರಳಿಟ್ಟು ಜೊತೆಗೆ ಬರುತ್ತಿದ್ದಳು. ಕೊನೆ ಏನೆಂದು ನಾನು ನೋಡಿರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ದೊಡ್ಡ ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಹೊರಗೆ ಕರೆದು, ಜ್ವರ ಇಳಿದಿದೆ, ಸೋಮವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಎಂದರು. ಇನ್ನೂ ಒಂದಷ್ಟು ಹೇಳಿದರು. ಒಳಗೆ ಬಂದಾಗ ಅವಳು ನಿದ್ದೆಯಲ್ಲಿದ್ದಳು. ಏನು ಮಾಡಲೂ ತೋಚದೆ ಪುಸ್ತಕ ತೆಗೆದು ಮುಂದಕ್ಕೆ ಓದಿದೆ. ಮಿಣುಕಿ ತೊಟ್ಟಿಯೊಳಗೆ ಇಳಿದು, ಒಳಗಿನಿಂದಲೇ ಬಾಗಿಲಿಗೆ ಅಗುಳಿ ಹಾಕಿ, ಕಳ್ಳನನ್ನು ತನ್ನ ಜೊತೆಗೇ ಮುಚ್ಚಿಕೊಳ್ಳುತ್ತಾಳೆ. ಊರು ಉಳಿಯುತ್ತದೆ. ಅವಳು ಹೊರಗೆ ಬರುವುದಿಲ್ಲ.

ಮಗಳು ಎಚ್ಚರಾಗಿ "ಮುಂದೆ" ಅಂದಳು. ಇವತ್ತು ಕಣ್ಣು ನೋಯುತ್ತಿದೆ ಅಂದೆ.

ಬಾಯಲ್ಲಿ ಬೇರೆ ಕೊನೆ ಹೇಳಿದರೆ ಸಾಲುತ್ತಿರಲಿಲ್ಲ. ಬೆರಳಿಟ್ಟು ನೋಡುವ ಹುಡುಗಿ. ಹಾಗಾಗಿ ಅಂದೇ ಸಂಜೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಬರೆದೆ. ನನ್ನ ಗಂಡ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವವರು. ಪುಸ್ತಕ ಅಚ್ಚಾಗುವುದು ಹದಿನಾರು ಹದಿನಾರು ಪುಟಗಳ ಫಾರಂಗಳಲ್ಲಿ, ಆ ಫಾರಂಗಳನ್ನೇ ಒಂದರ ಮೇಲೊಂದು ಇಟ್ಟು ಹೊಲಿಯುವುದು. ಕೊನೆಯ ಫಾರಂ ನೂರ ಎಪ್ಪತ್ತೇಳರಿಂದ ನೂರ ತೊಂಬತ್ತೆರಡು. ಮೊದಲ ನಾಲ್ಕು ಪುಟ ಇದ್ದ ಹಾಗೇ ಇಟ್ಟು, ಉಳಿದ ಹನ್ನೆರಡರಲ್ಲಿ ಮಿಣುಕಿಯನ್ನು ಹೊರಗೆ ತಂದೆವು. ಶನಿವಾರ ಅವರು ಅಚ್ಚು ಮಾಡಿದರು. ಅತ್ತೆ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಟೀಚರು, ಕೆಂಪು ಪೆನ್ನು ಹಿಡಿದು ಕೂತರು. ಕಾಗದ ತೀರ ಬೆಳ್ಳಗಿತ್ತು, ಚಹಾದ ನೀರಲ್ಲಿ ಒರೆಸಿ ಹಳತು ಮಾಡಿದೆ. ಭಾನುವಾರ ಬೆಳಿಗ್ಗೆ ಹೊಲಿದೆ. ಬಿಚ್ಚಿ ತೆಗೆದ ಅಸಲಿ ಪುಟಗಳನ್ನು ಒಲೆಗೆ ಹಾಕಿದೆ. ಪುಸ್ತಕ ಕಟ್ಟುವವಳಾಗಿ ನಾನು ಪುಟ ಸುಟ್ಟದ್ದು ಅದೊಂದೇ ಸಲ.

ಭಾನುವಾರ ಮಧ್ಯಾಹ್ನ ಮಿಣುಕಿ ತೊಟ್ಟಿಯಿಂದ ಹೊರಗೆ ಬಂದು, ಮೂಗಿನ ನಳಿಗೆ ಕಿತ್ತೆಸೆದು, ಗುಮ್ಮಟದ ಕೆಳಗೆ ಓಡಿದಳು. ನನ್ನ ಮಗಳು ಕೊನೆಯ ಸಾಲಿನ ಕೆಳಗೆ ಬೆರಳನ್ನು ತುಂಬಾ ಹೊತ್ತು ಇಟ್ಟುಕೊಂಡಿದ್ದಳು. ಸೋಮವಾರ ಅವಳನ್ನು ಒಳಗೆ ಕರೆದುಕೊಂಡು ಹೋದರು. ಸಣ್ಣ ತೂತು, ಒಂದು ಹೊಲಿಗೆ ಹಾಕಿದರೆ ಸರಿಹೋಗುತ್ತದೆ ಎಂದಷ್ಟೇ ನಾವು ಅವಳಿಗೆ ಹೇಳಿದ್ದು. ಈಗಲೂ ಅಷ್ಟೇ ಹೇಳಿದ್ದೇವೆ.

ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆಮೇಲೆ ಸರಿಯಾದ ಹೊತ್ತಲ್ಲಿ ಹೇಳಬೇಕಿತ್ತು. ಆ ಹೊತ್ತು ಇವತ್ತು ನಾಳೆ ಅನ್ನುತ್ತಲೇ ಐದು ವರ್ಷ ದಾಟಿತು. ಅವಳೂ ಕೇಳಲಿಲ್ಲ. ಸ್ನಾನ ಮಾಡಿ ಎದೆಯ ಮೇಲಿನ ಹೊಲಿಗೆಯ ಗೆರೆ ಒರೆಸಿಕೊಳ್ಳುವಾಗ ಕೆಲವೊಮ್ಮೆ "ಅಮ್ಮಾ..." ಅನ್ನುತ್ತಾಳೆ. ನಾನು "ಹೂಂ?" ಅನ್ನುತ್ತೇನೆ. "ಏನಿಲ್ಲ, ಟವೆಲ್ ಒದ್ದೆ ಇದೆ," ಅನ್ನುತ್ತಾಳೆ.

ಕಳೆದ ವರ್ಷ ಆ ಕಾದಂಬರಿ ಸಿನಿಮಾ ಆಯಿತು, ಮಗಳ ಜೊತೆ ನೋಡಲು ಹೋದೆ. ಕೊನೆಯಲ್ಲಿ ತೊಟ್ಟಿಯ ಬಾಗಿಲು ಮುಚ್ಚಿ ಪರದೆ ಕಪ್ಪಾಯಿತು. ನಾನು ಮಗಳ ಮುಖ ನೋಡಿದೆ. ಅವಳು ಗೆದ್ದವಳ ಹಾಗೆ ನಕ್ಕಳು. "ಎರಡನೇ ಭಾಗಕ್ಕೆ ಇಟ್ಕೊಂಡಿದ್ದಾರೆ. ಅದರಲ್ಲಿ ಹೊರಗೆ ಬರ್ತಾಳೆ ನೋಡು." ಒಂದು ವರ್ಷ ಕಾದಳು. ಹೋದ ಭಾನುವಾರ ಎರಡನೇ ಭಾಗಕ್ಕೆ ಹೋದೆವು. ಮಿಣುಕಿ ಹೊರಗೆ ಬಂದಳು ನಿಜ, ಆದರೆ ಕೆಂಪು ಕಣ್ಣು, ಉದ್ದ ಉಗುರು, ಹಾರಾಟ. ಊರಿನವರನ್ನು ಒಬ್ಬೊಬ್ಬರಾಗಿ ಹಿಡಿದು ಉಸಿರು ಹೀರುವ ದೆವ್ವ ಅವಳೇ. ಕೊನೆಯಲ್ಲಿ ಅವಳನ್ನು ಕೊಂದು ಊರಿನವರು ಕುಣಿದರು.

ಹೊದಿಕೆ ಒಣಹಾಕಿ ಬಂದು ಗಂಡನಿಗೆ ವಿಷಯ ಹೇಳಿದೆ. ಅವರು ಕನ್ನಡಿಯ ಎದುರು ಗಡ್ಡ ಹೆರೆಯುತ್ತಿದ್ದರು.

"ಎರಡನೇ ಭಾಗ ಮಾಡೋದ್ರಲ್ಲಿ ನಾವೇ ಮೊದಲಿಗರು," ಅಂದರು. "ಸಿನಿಮಾದವರು ನಮ್ಮ ಹಿಂದೆ ಬಂದೋರು."

"ತಮಾಷೆ ಬೇಡ. ಹೊಸ ಮುದ್ರಣ ಬಂದಿದೆಯಂತೆ, ಮೇಲೆ ಸಿನಿಮಾ ಚಿತ್ರ ಹಾಕಿ. ಈ ವಾರ ಅರ್ಧ ಸ್ಕೂಲಿನ ಕೈಯಲ್ಲಿ ಇರುತ್ತೆ."

"ಹಾಗಾದ್ರೆ ಹೇಳಿಬಿಡು."

"ನಾನೊಬ್ಬಳೇ? ಅಚ್ಚು ಮಾಡಿದ್ದು ಯಾರು?"

"ನಾನು ಕೊಟ್ಟಿದ್ದನ್ನ ಜೋಡಿಸೋನು ಕಣೇ. ಬರೆದವರನ್ನ ಬಿಟ್ಟು ಅಕ್ಷರ ಜೋಡಿಸಿದವನನ್ನ ಯಾರಾದ್ರೂ ಹಿಡೀತಾರಾ?" ಆಮೇಲೆ ಬ್ಲೇಡು ಕೆಳಗಿಟ್ಟು ಮೆತ್ತಗೆ ಹೇಳಿದರು, "ಪುಟದ ವಿಷಯ ಹೇಳಬಹುದು. ಅದರ ಹಿಂದಿಂದು ಕೇಳ್ತಾಳೆ ನೋಡು. ಅದಕ್ಕೆ ತಯಾರಾಗಿರು."

ತಯಾರಾಗುವುದಕ್ಕೆ ಮನೆಯಲ್ಲಿ ಜಾಗವಿರಲಿಲ್ಲ. ಮಂಗಳವಾರ ಸಂಜೆ ನಾನು ತರಕಾರಿ ಹೆಚ್ಚುತ್ತಿದ್ದರೆ ಲಾಯರಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡು ಭಾಷಣ ಅಭ್ಯಾಸ ಮಾಡುತ್ತಿದ್ದಳು. ಕೇಳುವವರು ಅತ್ತೆ ಒಬ್ಬರೇ.

"ಪುಸ್ತಕದಲ್ಲಿ ಉಸಿರುಗಳ್ಳ ಹೇಗಿದ್ದಾನೆ ಅಂತ ಎಲ್ಲೂ ಹೇಳಿಲ್ಲ. ಕೊಳವೆಯಲ್ಲಿ ಶಬ್ದ ಮಾತ್ರ ಬರುತ್ತೆ, ಯಾರೋ ಬಾಯಾರಿದವರು ನೀರು ಕುಡಿಯೋ ಶಬ್ದ. ಅದನ್ನ ಓದಿದ್ರೆ ನಮ್ಮ ಮನೆ ನಲ್ಲಿ ಹತ್ತಿರ ಹೋಗೋಕೂ ಭಯ ಆಗುತ್ತೆ. ಸಿನಿಮಾದಲ್ಲಿ ಹತ್ತನೇ ನಿಮಿಷಕ್ಕೇ ಅವನ ಮುಖ ತೋರಿಸ್ತಾರೆ. ನಾಲ್ಕು ಕೈ, ಜೊಲ್ಲು. ಜೊಲ್ಲು ಸುರಿಸೋನನ್ನ ನೋಡಿದ್ರೆ ಭಯ ಯಾಕೆ ಆಗಬೇಕು? ಒರೆಸೋಣ ಅನ್ಸುತ್ತೆ."

"ಅದು ಸರಿ," ಅಂದರು ಅತ್ತೆ. "ಮುಂದೆ."

"ಎರಡನೇ ಭಾಗದಲ್ಲಿ ಅವನಿಗೆ ಹೆಂಡತಿ, ಮಕ್ಕಳು. ಒಂದೇ ಉಸಿರುಗಳ್ಳ ಇದ್ದಾಗ ಭಯ ಇತ್ತು. ನೂರು ಜನ ಬಂದ ಮೇಲೆ ಅದು ಬಸ್‌ಸ್ಟ್ಯಾಂಡ್. ಎಲ್ಲಕ್ಕಿಂತ ದೊಡ್ಡ ಅನ್ಯಾಯ ಅಂದ್ರೆ ಮಿಣುಕಿದು. ಊರನ್ನ ಉಳಿಸಿದವಳನ್ನೇ ದೆವ್ವ ಮಾಡಿದ್ರು. ಪುಸ್ತಕದಲ್ಲಿ ಅವಳು ಬದುಕಿ ಬರ್ತಾಳೆ. ಇಲ್ಲಿದೆ ನೋಡಿ, ನೂರ ಎಂಬತ್ತೊಂದನೇ ಪುಟ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ಹೇಗಿತ್ತು ಅಜ್ಜಿ?"

"ಭಾಷಣ ಚೆನ್ನಾಗಿದೆ. ಸಾಕ್ಷಿ ಮಾತ್ರ ಇನ್ನೊಂದು ಸಲ ನೋಡ್ಕೊಳ್ಳೋದು ಒಳ್ಳೇದು, ಲಾಯರಮ್ಮ. ಅಸಲು ಯಾವುದು ಅಂತ ನೋಡದೆ ಕೋರ್ಟಿಗೆ ಹೋಗಬಾರದು." ಆಮೇಲೆ ಒಳಗೆ ಬಂದು ನನ್ನ ಹತ್ತಿರ ಪಿಸುಗುಟ್ಟಿದರು, "ನನ್ನ ಕೈಲಿ ಆಗಲ್ಲಮ್ಮ. ನಾಳೆ ನೀನೇ ಹೇಳಿಬಿಡು. ಮಗು ಮುಖ ನೋಡಿದ್ರೆ ಬಾಯಿಗೆ ಬಂದುಬಿಡುತ್ತೆ."

"ನಾಳೆ ಹೇಳ್ತೀನಿ ಅತ್ತೆ," ಅಂದೆ. ಹಾಗಂದ ಮೇಲೆ ಮನಸ್ಸು ಹಗುರಾಯಿತು. ತರಕಾರಿ ಕೂಡ ಸಮನಾಗಿ ಬಿತ್ತು.

ಬುಧವಾರ ಬೆಳಿಗ್ಗೆ ಗ್ರಂಥಾಲಯದ ಕಪಾಟಿನಿಂದ 'ಉಸಿರುಗಳ್ಳ'ದ ಹಳೆಯ ಪ್ರತಿ ಒಂದನ್ನು ನನ್ನ ಮೇಜಿಗೆ ಕಳಿಸಿದರು. ಸಿನಿಮಾದ ದೆಸೆಯಿಂದ ಅದಕ್ಕೆ ಹದಿನಾಲ್ಕು ಜನ ಸಾಲಿನಲ್ಲಿ ಕಾಯುತ್ತಿದ್ದರಂತೆ. ರಟ್ಟು ಕಳಚಿತ್ತು, ಬೆನ್ನು ಸತ್ತಿತ್ತು. ನಾನು ಕೆಲಸ ಶುರುಮಾಡುವ ಮೊದಲು ಕಥೆಯಲ್ಲಿ ಮೂಗು ತೂರಿಸುವವಳಲ್ಲ, ಆದರೆ ಅವತ್ತು ಕುರ್ಚಿ ಎಳೆದುಕೊಂಡು ಕೊನೆಯ ಫಾರಂ ಪೂರ್ತಿ ಓದಿದೆ. ಐದು ವರ್ಷದ ಹಿಂದೆ ಕಣ್ಣು ಕತ್ತಲೆಯಾಗಿ ಓದಿದ್ದೆ. ಈಗ ನೋಡಿದರೆ ಚೆನ್ನಾಗಿತ್ತು. ತೊಟ್ಟಿಯೊಳಗೆ ಮಿಣುಕಿಗೆ ಭಯವಾಗುವುದಿಲ್ಲ. ಅವಳು ಆ ಕಳ್ಳನಿಗೆ ಎಣಿಸಿ ಎಣಿಸಿ ಉಸಿರಾಡುವುದನ್ನು ಹೇಳಿಕೊಡುತ್ತಾಳೆ. ಹೊರಗೆ ಊರಿನವರು ಕೊಳವೆಗೆ ಕಿವಿಯಿಟ್ಟು ಆ ಎಣಿಕೆಯನ್ನು ಕೇಳಿಸಿಕೊಳ್ಳುತ್ತಾರೆ. ಬರೆದವರು ಗಟ್ಟಿಗರು. ನನ್ನ ಹನ್ನೆರಡು ಪುಟಗಳು ಅದರ ಕಾಲ ಧೂಳಿಗೂ ಸಮವಲ್ಲ. ಹಾಗಂತ ನಾನು ಸೋತಂತೆಯೂ ಅನಿಸಲಿಲ್ಲ. ಅವು ಮಾಡಬೇಕಾಗಿದ್ದ ಕೆಲಸ ಬೇರೆ, ಅದನ್ನು ಮಾಡಿದ್ದವು.

ಮಗಳು ಸ್ಕೂಲು ಬಿಟ್ಟ ಮೇಲೆ ದಿನವೂ ನನ್ನ ಕೋಣೆಗೇ ಬರುತ್ತಾಳೆ. ಕತ್ತರಿಸಿದ ರೆಕ್ಸಿನ್ ಚೂರುಗಳನ್ನು ಒಟ್ಟುಮಾಡುತ್ತಾಳೆ, ದಾರಕ್ಕೆ ಮೇಣ ತಿಕ್ಕಿ ಕೊಡುತ್ತಾಳೆ. ಅವತ್ತು ಬಂದು ಚೀಲ ಇಳಿಸಿದ ಕೂಡಲೇ ನಾನು ಎದುರಿನ ಸ್ಟೂಲು ತೋರಿಸಿದೆ.

"ಕೂತ್ಕೋ. ದಾರ ಆಮೇಲೆ. ಮೊದಲು ಇದನ್ನ ಓದು, ನೂರ ಎಂಬತ್ತೊಂದರಿಂದ."

"ಇದು ನಂಗೆ ಬಾಯಿಪಾಠ ಅಮ್ಮ."

"ಇದು ಬಾಯಿಪಾಠ ಇಲ್ಲ. ಓದು."

ಓದಿದಳು. ನಾನು ಇನ್ನೊಂದು ಪುಸ್ತಕದ ಬೆನ್ನಿಗೆ ಅಂಟು ಬಳಿಯುತ್ತ ಕೂತೆ. ಎರಡನೇ ಪುಟದಲ್ಲಿ ಅವಳ ಹುಬ್ಬು ಗಂಟಾಯಿತು. ನಾಲ್ಕನೇ ಪುಟದಲ್ಲಿ ಹಿಂದಕ್ಕೆ ತಿರುಗಿಸಿ ಪುಸ್ತಕದ ಹೆಸರು ನೋಡಿಕೊಂಡಳು. ಆಮೇಲೆ ಮತ್ತೆ ಓದಿದಳು, ಪೂರ್ತಿ. ಬೆರಳು ಸಾಲಿನ ಕೆಳಗಿತ್ತು. ಆ ಅಭ್ಯಾಸ ಬಿಟ್ಟು ಮೂರು ವರ್ಷವಾಗಿತ್ತು.

ಮುಗಿದ ಮೇಲೆ ಚೀಲದಿಂದ ತನ್ನ ಪ್ರತಿ ತೆಗೆದಳು. ಎರಡನ್ನೂ ಪಕ್ಕಪಕ್ಕ ಇಟ್ಟು ಬೆನ್ನು ಮುಟ್ಟಿ ನೋಡಿದಳು, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು, ಕೊನೆಯ ಫಾರಂನ ನಡುಪುಟ ಬಿಡಿಸಿದಳು. ಮುದ್ರಣಾಲಯದ ಹೊಲಿಗೆಯಲ್ಲಿ ಗಂಟು ಹೊರಗೆ, ಬೆನ್ನಿನ ಹತ್ತಿರ ಬರುತ್ತದೆ. ನಾನು ಒಳಗೆ ಹಾಕುತ್ತೇನೆ, ಎರಡು ಸುತ್ತು ಹಾಕಿ, ಪುಟಕ್ಕೆ ಒತ್ತಿ. ಹೀಗೆ ಹಾಕಿದರೆ ಬಿಚ್ಚುವುದಿಲ್ಲವೆಂದು ಅವಳಿಗೆ ಹೇಳಿಕೊಟ್ಟವಳೂ ನಾನೇ.

"ಇದು ನಿನ್ನ ಗಂಟು," ಅಂದಳು.

"ಹೌದು."

"ಅಕ್ಷರ ಅಪ್ಪಂದು."

"ಹೌದು."

"ಅಜ್ಜಿಗೆ ಗೊತ್ತಾ?"

"ತಪ್ಪು ತಿದ್ದಿದ್ದೇ ಅವರು."

"ಓಹೋ. ಇಡೀ ಮನೆ." ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡಳು. "ಹಾಗಾದ್ರೆ ಸಿನಿಮಾದವರು ಸರಿ."

"ಮೊದಲನೇ ಭಾಗದ ಕೊನೆ ಮಟ್ಟಿಗೆ ಸರಿ. ಎರಡನೇ ಭಾಗ ಯಾವ ಪುಸ್ತಕದಲ್ಲೂ ಇಲ್ಲ. ಕೆಂಪು ಕಣ್ಣು ಅವರ ಸ್ವಂತದ್ದು."

"ನಾನು ಒಂದು ವರ್ಷ ಕಾದೆ, ಅವಳು ಹೊರಗೆ ಬರ್ತಾಳೆ ಅಂತ."

"ಗೊತ್ತು."

"ಗೊತ್ತಿದ್ದೂ ಪಕ್ಕದಲ್ಲಿ ಕೂತಿದ್ದೆ."

"ಕೂತಿದ್ದೆ. ಅದು ತಪ್ಪು. ಆಗಲೇ ಹೇಳಬೇಕಿತ್ತು." ಅದಕ್ಕೆ ನಾನು ಬೇರೆ ಬಣ್ಣ ಹಚ್ಚಲಿಲ್ಲ.

"ಅವರೂ ಬದಲಾಯಿಸಿದ್ರು, ನೀವೂ ಬದಲಾಯಿಸಿದ್ರಿ. ಏನು ವ್ಯತ್ಯಾಸ?"

"ಯಾರಿಗೋಸ್ಕರ ಬದಲಾಯಿಸಿದ್ದು ಅಂತ ಅವರನ್ನ ಕೇಳಿದ್ರೆ ಅವರಿಗೇ ಗೊತ್ತಿರಲ್ಲ. ನಮಗೆ ಗೊತ್ತಿತ್ತು. ಓದೋಳು ಒಬ್ಬಳೇ, ಏಳನೇ ನಂಬರಿನ ಮಂಚದಲ್ಲಿ, 'ಮುಂದೆ, ಮುಂದೆ' ಅಂತಿದ್ಲು."

ಅವಳು ಅದನ್ನು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಸ್ಟೂಲು ಮುಂದಕ್ಕೆ ಎಳೆದುಕೊಂಡಳು. ಲಾಯರಮ್ಮ ವಿಚಾರಣೆಗೆ ಇಳಿಯುವ ರೀತಿ ಅದು.

"ಬೇರೆ ಪುಸ್ತಕಗಳ ಕೊನೇನೂ ಬದಲಾಯಿಸಿದ್ದೀಯಾ?"

"ಇಲ್ಲ."

"ಆ ನಾಯಿ ಸಾಯೋ ಪುಸ್ತಕ?"

"ಅದೂ ಇಲ್ಲ. ನೀನು ಮೂರು ದಿನ ಊಟ ಬಿಟ್ಟೆ. ಆದರೂ ಮುಟ್ಟಲಿಲ್ಲ."

"ಹಡಗು ಮುಳುಗೋದು?"

"ಇದ್ದ ಹಾಗೇ ಇದೆ."

"ಅಂದ್ರೆ ಇದೊಂದೇ." ಸ್ವಲ್ಪ ಹೊತ್ತು ಬೆರಳಿನಲ್ಲಿ ಮೇಜಿನ ಮೇಲೆ ಒಣಗಿದ್ದ ಅಂಟನ್ನು ಕೆರೆದಳು. "ಯಾವತ್ತು ಹೊಲಿದೆ?"

"ಭಾನುವಾರ ಬೆಳಿಗ್ಗೆ."

"ನನಗೆ ಆಪರೇಷನ್ ಆಗಿದ್ದು?"

"ಸೋಮವಾರ."

ಹೊರಗೆ ಓದುವ ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದರು. ಕುಂಚದಿಂದ ಅಂಟು ತೊಟ್ಟಿಕ್ಕುತ್ತಿತ್ತು. ಅದನ್ನು ಡಬ್ಬದ ಅಂಚಿಗೆ ಒರೆಸಿ ಪಕ್ಕಕ್ಕಿಟ್ಟೆ, ಕೈ ಒರೆಸಿಕೊಂಡೆ, ಅವಳ ಕಡೆ ಪೂರ್ತಿ ತಿರುಗಿ ಕೂತೆ. ಎಷ್ಟೋ ಸಲ ಟವೆಲ್ಲಿನ ಮೇಲೆ ಹಾಕಿ ನುಂಗಿಕೊಂಡ ಮಾತು ಅವಳ ಗಂಟಲಿಗೆ ಬರುತ್ತಿದ್ದುದು ನನಗೆ ಕಾಣುತ್ತಿತ್ತು. ಈ ಸಲ ನಾನು "ಹೂಂ?" ಅನ್ನಲಿಲ್ಲ, ಸುಮ್ಮನೆ ಕಾದೆ. ಏನು ಕೇಳಿದರೂ ನಿಜವನ್ನೇ ಹೇಳುತ್ತೇನೆಂಬ ಧೈರ್ಯ ನನಗಿತ್ತು, ಯಾಕೆಂದರೆ ನಿಜ ನನ್ನ ಎದುರಿಗೇ ಉಸಿರಾಡುತ್ತ ಕೂತಿತ್ತು.

"ಅಮ್ಮಾ," ಅಂದಳು, ನನ್ನ ಕಣ್ಣನ್ನೇ ನೋಡುತ್ತ, "ಆಗ ನಾನು ಸತ್ತುಹೋಗ್ತೀನಿ ಅಂದ್ಕೊಂಡಿದ್ಯಾ?"